ಗಂಡು ಕರುವನ್ನೂ ಲೆಕ್ಕಕ್ಕೆ ಹಿಡಿಯಿರಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಓದುಗರ ಪತ್ರಗಳಲ್ಲಿ ಬೆಂಗಳೂರಿನ ಒಬ್ಬರು ಬರೆದ ಕಾಗದ ಓದಿದೆ. ಬೆಳಿಗ್ಗೆ ಒಂದು ಸಲ ಓದಿದ್ದೆ. ಸಂಜೆ ಹಾಲು ಕರೆದು ಬಂದು, ಕೈ ತೊಳೆದು, ಇನ್ನೊಂದು ಸಲ ಓದಿದೆ. ರೈತರು ದುಡ್ಡಿನ ಆಸೆಗೆ ಕುರಿ ಟಗರು ಸಾಕಿ ಕಟುಕರಿಗೆ ಮಾರುವುದನ್ನು ಬಿಡಬೇಕಂತೆ. ಅದರ ಬದಲು ಹಸು ಕಟ್ಟಬೇಕಂತೆ. ಹಾಲಿನಲ್ಲಿ ಹಿಂಸೆ ಇಲ್ಲ, ಪಾಪ ಇಲ್ಲ, ಬಟವಾಡೆಯೂ ಕೈಗೆ ಬರುತ್ತದೆ ಅಂತ ಬರೆದಿದ್ದಾರೆ. ಒಳ್ಳೆ ಮನಸ್ಸಿನಿಂದಲೇ ಬರೆದಿದ್ದಾರೆ. ನನಗೆ ಅವರ ಮೇಲೆ ಸಿಟ್ಟಿಲ್ಲ. ಆದರೆ ಅವರು ಕೊಟ್ಟಿಗೆಯ ಲೆಕ್ಕ ಪೂರ್ತಿ ನೋಡಿಲ್ಲ. ಅದನ್ನು ಹೇಳೋಣ ಅಂತ ಈ ಕಾಗದ.

ನಾನು ಎರಡನ್ನೂ ಸಾಕುವವಳು. ನಮ್ಮದು ಮಂಡ್ಯ ಜಿಲ್ಲೆ, ಮಳವಳ್ಳಿ ತಾಲ್ಲೂಕಿನ ಒಂದು ಊರು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಎರಡು ಎಕರೆ ಹತ್ತು ಗುಂಟೆ ಜಮೀನಿದೆ. ಒಂದು ಕಡೆ ಕಬ್ಬು, ಒಂದು ಕಡೆ ಭತ್ತ, ಬದುವಿನ ಮೇಲೆ ಸೀಮೆಹುಲ್ಲು. ಕೊಟ್ಟಿಗೆಯಲ್ಲಿ ಮೂರು ಸೀಮೆ ಹಸು, ಒಂದು ಕಡಸು, ಹದಿನೆಂಟು ಬನ್ನೂರು ಕುರಿ. ಇನ್ನೊಂದು ಪ್ರಾಣಿ ಇದೆ, ಅದರ ವಿಷಯ ಆಮೇಲೆ ಹೇಳುತ್ತೇನೆ. ಮದುವೆಯಾಗಿ ಈ ಮನೆಗೆ ಬಂದು ಮೂವತ್ತಮೂರು ವರ್ಷ. ಅಷ್ಟು ವರ್ಷವೂ ಬೆಳಿಗ್ಗೆ ಮೊದಲು ನೋಡಿದ ಮುಖ ಹಸುವಿನದ್ದೇ. ನಮ್ಮ ಯಜಮಾನರ ಮುಖ ಆಮೇಲೆ.

ನಾಲ್ಕೂವರೆಗೆ ಏಳುತ್ತೇನೆ. ಸಗಣಿ ಬಾಚಿ, ಗಂಜಲ ಗುಡಿಸಿ, ಕೆಚ್ಚಲು ತೊಳೆದು, ಕರೆದು, ಆರು ಗಂಟೆಗೆ ಡೈರಿ ಮುಂದೆ ಕ್ಯಾನ್ ಹಿಡಿದು ನಿಂತಿರಬೇಕು. ಅಲ್ಲಿ ಮಿಷನ್ನು ಒಂದು ಚೂರು ಹಾಲು ಹೀರಿಕೊಂಡು ಫ್ಯಾಟು ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಎಷ್ಟು ಅಂತ ಚೀಟಿ ಕೊಡುತ್ತದೆ. ಹೋದ ವಾರ ನನಗೆ ಬಿದ್ದದ್ದು ಲೀಟರಿಗೆ 35 ರೂಪಾಯಿ ಚಿಲ್ಲರೆ. ಅದರ ಮೇಲೆ ಸರ್ಕಾರದ ಪ್ರೋತ್ಸಾಹಧನ 5 ರೂಪಾಯಿ. ಅದು ಬಂದಾಗ ಬಂತು. ಐವತ್ತು ಕೆಜಿ ಫೀಡ್ಸ್ ಮೂಟೆ ಸಾವಿರದ ಮುನ್ನೂರರ ಸುತ್ತ ಆಡುತ್ತಿದೆ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿಸಿದಾಗ ಪೇಟೆಯವರು ಎಷ್ಟು ಬೈದರೋ ಗೊತ್ತಿಲ್ಲ. ನಮ್ಮ ಫೀಡ್ಸ್ ಅಂಗಡಿಯವರು ಮಾತ್ರ ಅದೇ ತಿಂಗಳು ಮೂಟೆಗೆ ತಮ್ಮ ಪಾಲು ಏರಿಸಿಕೊಂಡರು. ಇರಲಿ, ಬೆಲೆಯ ಗೋಳು ಎಲ್ಲರೂ ಬರೆಯುತ್ತಾರೆ. ನನ್ನ ಮಾತು ಬೇರೆ.

ಹಾಲು ಎಲ್ಲಿಂದ ಬರುತ್ತದೆ? ಹಸು ಈದರೆ ಬರುತ್ತದೆ. ಸುಮ್ನೆ ಬರುವುದಿಲ್ಲ. ಒಂಬತ್ತು ತಿಂಗಳು ಹತ್ತು ದಿನ ಗಬ್ಬ ಹೊತ್ತು, ಕರು ಹಾಕಿದ ಮೇಲೆ ಹಾಲು. ಎರಡು ಮೂರು ತಿಂಗಳಿಗೆ ಮತ್ತೆ ಬೆದೆಗೆ ಬರಬೇಕು, ಮತ್ತೆ ಗಬ್ಬಕ್ಕೆ ಸೂಜಿ ಹಾಕಿಸಬೇಕು, ಮತ್ತೆ ಗಬ್ಬ ನಿಲ್ಲಬೇಕು. ಒಂದು ಸಲ ತಪ್ಪಿದರೂ ಆ ವರ್ಷದ ಲೆಕ್ಕ ಅಡಿಮೇಲು. ಹೀಗೆ ವರ್ಷಕ್ಕೊಂದು ಕರು. ಅದರಲ್ಲಿ ಅರ್ಧ ಗಂಡು. ಇದೇನು ದೊಡ್ಡ ಗುಟ್ಟಲ್ಲ. ಆದರೆ ಹಾಲಿನ ಪ್ಯಾಕೆಟ್ ಹಿಡಿದವರ ತಲೆಗೆ ಹೋಗದ ವಿಷಯ. ಆ ಗಂಡು ಕರು ಎಲ್ಲಿ ಹೋಯಿತು ಅಂತ ಇಷ್ಟು ವರ್ಷದಲ್ಲಿ ನನ್ನನ್ನು ಒಬ್ಬರೂ ಕೇಳಿಲ್ಲ.

ನಮ್ಮ ಮಾವನವರ ಕಾಲದಲ್ಲಿ ಕೇಳುವ ಅಗತ್ಯ ಇರಲಿಲ್ಲ. ಆಗ ಮನೆಯಲ್ಲಿ ಹಳ್ಳಿಕಾರ್ ಹಸು. ಹೊತ್ತಿಗೆ ಎರಡು ಲೀಟರ್ ಕೊಟ್ಟರೆ ದೊಡ್ಡದು. ಆದರೆ ಹೋರಿಗರು ಹುಟ್ಟಿದರೆ ಹಬ್ಬ. ಹಾಲೆಲ್ಲ ಅದಕ್ಕೇ ಬಿಡುತ್ತಿದ್ದರು. ಎರಡು ಹಲ್ಲಾಗುವ ಹೊತ್ತಿಗೆ ಜೋಡಿ ಹುಡುಕಿ, ಮೂಗುದಾರ ಹಾಕಿ, ಹೆಗಲು ಪಳಗಿಸಿ, ಗಾಡಿಗೆ ಕಟ್ಟಿದರೆ ಊರೇ ನಿಂತು ನೋಡಬೇಕು. ನಾನು ಮದುವೆಯಾಗಿ ಬಂದಾಗ ಮನೆಯಲ್ಲಿದ್ದ ಜೋಡಿಯನ್ನು ಮಾವನವರು ಮಗನಿಗಿಂತ ಜಾಸ್ತಿ ಹೊಗಳುತ್ತಿದ್ದರು. ಆಮೇಲೆ ಊರಿಗೆ ಟ್ರ್ಯಾಕ್ಟರ್ ಬಂತು. ಡೈರಿ ಬಂತು. ಡೈರಿಗೆ ಲೀಟರುಗಟ್ಟಲೆ ಹಾಲು ಬೇಕು, ಅದಕ್ಕೆ ಸೀಮೆ ಹಸು ಬಂತು. ಸೀಮೆ ಹಸುವಿನ ಗಂಡಿಗೆ ಬೆನ್ನ ಮೇಲೆ ಹಿಣಿಲು ಇಲ್ಲ. ನೊಗ ಇಟ್ಟರೆ ನಿಲ್ಲುವುದಿಲ್ಲ, ಜಾರುತ್ತದೆ. ಹನ್ನೊಂದು ಗಂಟೆ ಬಿಸಿಲಿಗೇ ಬಾಯಿ ತೆರೆದು ಏದುಸಿರು ಬಿಡುತ್ತದೆ. ಉಳುಮೆಗಿಲ್ಲ, ಗಾಡಿಗಿಲ್ಲ. ಹುಟ್ಟಿಸಲಿಕ್ಕೂ ಬೇಡ, ಸಾವಿರ ಹಸುವಿಗೆ ಸಾಲುವಷ್ಟು ವೀರ್ಯದ ಕಡ್ಡಿ ಡಾಕ್ಟರ ಕ್ಯಾನಿನಲ್ಲಿ ತಣ್ಣಗೆ ಕೂತಿರುತ್ತದೆ. ಈಗ ನಮ್ಮೂರ ಪದ್ಧತಿ ಹೀಗೆ: ಮನೆಯಲ್ಲಿ ಗಂಡಾದರೆ ಸಕ್ಕರೆ ಹಂಚುತ್ತಾರೆ, ಕೊಟ್ಟಿಗೆಯಲ್ಲಿ ಹೆಣ್ಣಾದರೆ ಹಂಚುತ್ತಾರೆ.

ಈಗ ಹೇಳುವ ವಿಷಯವನ್ನು ನಾನು ಯಾರಿಗೂ ಹೇಳಿಲ್ಲ. ಹೆಸರು ಹಾಕಬೇಡಿ ಅಂತ ಕೇಳಿಕೊಂಡಿರುವುದು ಇದಕ್ಕೇ. ನಾಳೆಯೂ ನಾನು ಅದೇ ಡೈರಿಗೆ ಹಾಲು ಹಾಕಬೇಕು.

2019ರ ಆಷಾಢ. ರಾತ್ರಿ ಎರಡು ಗಂಟೆ, ಹೊರಗೆ ಜಡಿಮಳೆ. ನಮ್ಮ ಗೌರಿ ಈಯುತ್ತಿತ್ತು. ಮುಂಗಾಲು ಎರಡೂ ಕಂಡಿತು, ಮೂತಿ ಕಂಡಿತು, ತಲೆ ಸಿಕ್ಕಿಕೊಂಡಿತು. ನಾನೇ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಅದು ಮುಕ್ಕಿದಾಗ ಎಳೆದು, ಬಿಟ್ಟಾಗ ಬಿಟ್ಟು, ಇಳಿಸಿಕೊಂಡೆ. ಕಪ್ಪು ಕರು, ಹಣೆಯಲ್ಲಿ ಬಿಳಿ ಚುಕ್ಕಿ. ಮೂಗಿನ ಲೋಳೆ ತೆಗೆದು, ಗೋಣಿಚೀಲದಲ್ಲಿ ಮೈ ಒರೆಸಿದೆ. ಯಜಮಾನರು ಟಾರ್ಚ್ ಹಿಡಿದು ನಿಂತಿದ್ದರು. "ಏನು?" ಅಂದರು. ಹಿಂಗಾಲು ಎತ್ತಿ ನೋಡಿ "ಗಂಡು" ಅಂದೆ. ಅವರು ಟಾರ್ಚ್ ಆರಿಸಿ ಒಳಗೆ ಹೋಗಿ ಮಲಗಿದರು. ಮಾಸು ಬೀಳುವವರೆಗೆ ನಾನೊಬ್ಬಳೇ ಕತ್ತಲಲ್ಲಿ ಕೂತಿದ್ದೆ.

ಆ ವರ್ಷ ಮಗಳು ನರ್ಸಿಂಗ್ ಸೇರಿದ್ದಳು. ಫೀಸಿನ ಎರಡನೇ ಕಂತು ಬಾಕಿ ಇತ್ತು. ಗೌರಿ ದಿನಕ್ಕೆ ಹದಿನಾಲ್ಕು ಲೀಟರ್ ಕೊಡುತ್ತಿತ್ತು. ಗಿಣ್ಣುಹಾಲು ಮೂರು ದಿನ ಕರುವಿಗೆ ಬಿಟ್ಟೆ. ಆಮೇಲೆ ಹಾಲು ಇಳಿಯಲಿ ಅಂತ ನಾಲ್ಕು ಸಲ ಚೀಪಲು ಬಿಟ್ಟು, ಕಣ್ಣಿ ಹಿಡಿದು ಎಳೆದು ಕಂಬಕ್ಕೆ ಕಟ್ಟುತ್ತಿದ್ದೆ. ಅದು ಕಟ್ಟಿದ ಕಡೆಯಿಂದಲೇ ನಾಲಿಗೆ ಚಾಚುತ್ತಿತ್ತು. ಹಾಲಿನ ಬದಲು ರಾಗಿ ಗಂಜಿ, ಅಕ್ಕಿ ತೊಳೆದ ನೀರು. ಹದಿನೆಂಟನೇ ದಿನಕ್ಕೆ ಬಿಳಿ ಭೇದಿ ಶುರುವಾಯಿತು. ಡಾಕ್ಟರನ್ನು ಕರೆಸಿದರೆ ಬಂದದ್ದಕ್ಕೂ ಔಷಧಿಗೂ ಸೇರಿ ಐನೂರು ಆಗುತ್ತಿತ್ತು. ಹೆಣ್ಣಾಗಿದ್ದರೆ ಕರೆಸುತ್ತಿದ್ದೆ. ಇದನ್ನು ನಾನು ಆಗಲೂ ಮನಸ್ಸಿನಲ್ಲಿ ಅಂದುಕೊಂಡೆ, ಗೊತ್ತಿಲ್ಲದೆ ಆದದ್ದಲ್ಲ. ದಾಳಿಂಬೆ ಸಿಪ್ಪೆ ಕುದಿಸಿ ಕುಡಿಸಿದೆ, ಮಜ್ಜಿಗೆ ಕುಡಿಸಿದೆ. ನಾಲ್ಕನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಕಣ್ಣಿ ಬಿಗಿಯಾಗಿ ಎಳೆದಿತ್ತು, ತಾಯಿಯ ಕಡೆ ತಲೆ ಚಾಚಿ ಸತ್ತಿತ್ತು.

ಗೌರಿ ಮೂರು ದಿನ ಅಂಬಾ ಅಂತ ಕೂಗಿತು. ಹಾಲು ಇಳಿಸಲಿಲ್ಲ. ಹಿಂಡಿ ತೋರಿಸಿ, ಬೆನ್ನು ಸವರಿ, ಹೇಗೋ ಕರೆದೆವು. ನಾಲ್ಕನೇ ದಿನದಿಂದ ಸರಿಹೋಯಿತು. ಡೈರಿ ಚೀಟಿಯಲ್ಲಿ ಒಂದೂವರೆ ಲೀಟರ್ ಜಾಸ್ತಿ ಇತ್ತು.

ಆ ಕರುವನ್ನು ಯಾರೂ ಕಡಿಯಲಿಲ್ಲ. ಒಂದು ಹನಿ ರಕ್ತ ಬೀಳಲಿಲ್ಲ. ಅದರ ಪಾಲಿನ ಹಾಲು ಪ್ಯಾಕೆಟ್ ಆಗಿ ಯಾರದೋ ಮನೆಗೆ ಹೋಯಿತು. ಕಾಫಿಯಾಯಿತು, ಪಾಯಸವಾಯಿತು, ಅಭಿಷೇಕವೂ ಆಗಿರಬಹುದು. ಹಾಲಿನಲ್ಲಿ ಪಾಪ ಇಲ್ಲ ಅಂತ ಬರೆದವರು ಇದಕ್ಕೆ ಏನು ಹೇಳುತ್ತಾರೋ ನನಗೆ ನಿಜವಾಗಿ ಕೇಳಬೇಕೆನಿಸಿದೆ.

ಈ ಕೊಟ್ಟಿಗೆಯಲ್ಲಿ ನಾನು ಕಂಡ ಗಂಡು ಕರುಗಳಲ್ಲಿ ಕೆಲವನ್ನು ಹಿಂದೆ ಯಾರ್‍ಯಾರೋ ಬಂದು ಮುನ್ನೂರು, ನಾನೂರಕ್ಕೆ ಹೊಡೆದುಕೊಂಡು ಹೋದರು. ಸಾಕಲು ಅಂದರು. ನಾನೂ ಮೇಲೆ ಕೇಳಲಿಲ್ಲ. 1964ರ ಕಾನೂನಿನಲ್ಲೂ ಹಸು, ಕರು ಕಡಿಯುವಂತಿರಲಿಲ್ಲ. 12 ವರ್ಷ ದಾಟಿದ, ಇಲ್ಲವೇ ಕೆಲಸಕ್ಕೆ ಬಾರದ ಎತ್ತು ಹೋರಿ ಎಮ್ಮೆಗೆ ಮಾತ್ರ ಸರ್ಟಿಫಿಕೇಟ್ ಕೊಡುತ್ತಿದ್ದರು. 2021ರ ಜನವರಿಯಿಂದ ಹೊಸ ಕಾನೂನು ಬಂತು. ಎತ್ತು, ಹೋರಿಗೂ ಪೂರ್ತಿ ನಿಷೇಧ. 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ವಿನಾಯಿತಿ. ತಪ್ಪಿದರೆ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷದವರೆಗೆ ದಂಡ. ಕಾನೂನು ಸರಿಯೋ ತಪ್ಪೋ ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ಅದಕ್ಕೆ ಟೀವಿಯವರಿದ್ದಾರೆ. ನಮ್ಮೂರಲ್ಲಿ ಏನಾಯಿತು ಅಂತ ಹೇಳಬಲ್ಲೆ. ಕರು ಕೇಳಿಕೊಂಡು ಬರುವವರು ನಿಂತರು. ಕರು ಹುಟ್ಟುವುದು ನಿಲ್ಲಲಿಲ್ಲ. ಬೆಳಗಾಗೆದ್ದರೆ ದೇವಸ್ಥಾನದ ಮುಂದೆ ಒಂದು ಕರು, ಹೆದ್ದಾರಿ ಪಕ್ಕ ಒಂದು ಕರು. ಹರಕೆಗೆ ಬಿಟ್ಟದ್ದು ಅಂತ ಹೇಳಿಬಿಟ್ಟರೆ ಮುಗಿಯಿತು. ಹದಿನೈದು ದಿನದ ಕರುವನ್ನು ಯಾರಾದರೂ ಹರಕೆಗೆ ಬಿಡುತ್ತಾರಾ? ಅದಕ್ಕೆ ಹುಲ್ಲು ಕಚ್ಚಲೂ ಬರುವುದಿಲ್ಲ.

ಹಾಗೆ ಬಿಡಲು ನನಗೆ ಮನಸ್ಸು ಬರಲಿಲ್ಲ. 2019ರದ್ದು ಮನಸ್ಸಿನಲ್ಲಿತ್ತು. 2022ರಲ್ಲಿ ಚರ್ಮಗಂಟು ರೋಗ ಬಂದ ವರ್ಷ, ಕೆಂಪಿ ಒಂದು ಗಂಡು ಹಾಕಿತು. ಮೈತುಂಬ ಗಂಟು ಎದ್ದು ಕೆಂಪಿಯ ಹಾಲು ಅರ್ಧಕ್ಕಿಳಿದಿತ್ತು. ಆದರೂ ಮೂರು ತಿಂಗಳು ದಿನಕ್ಕೆ ಎರಡು ಲೀಟರ್ ಅದಕ್ಕೇ ಅಂತ ಹಟ ಹಿಡಿದೆ. ಯಜಮಾನರು ತಿಂಗಳಿಗೆ ಎರಡು ಸಾವಿರ ಅಂತ ಬಾಯಿಲೆಕ್ಕ ಹೇಳಿ ಸುಮ್ಮನಾದರು. ಅದೇ ನಾನು ಮೊದಲು ಹೇಳಿದ ಇನ್ನೊಂದು ಪ್ರಾಣಿ. ಬಸವ ಅಂತ ಕರೆಯುತ್ತೇವೆ. ಈಗ ಗೋಡೆಯಷ್ಟು ಬೆಳೆದು ನಿಂತಿದೆ. ಎರಡು ಹಸು ತಿನ್ನುವಷ್ಟು ತಿನ್ನುತ್ತದೆ. ಒಂದು ಸಲ ಯಜಮಾನರು ಕುಂಟೆಗೆ ಕಟ್ಟಿ ನೋಡಿದರು. ನೊಗ ಜಾರಿ ಕುತ್ತಿಗೆಗೆ ಬಂತು, ಅದು ಮಲಗಿಬಿಟ್ಟಿತು. ಊರ ಹುಡುಗರು ಇನ್ನೂ ಅದನ್ನು ಹೇಳಿಕೊಂಡು ನಗುತ್ತಾರೆ. ಅದರಿಂದ ಸಿಗುವುದು ಗೊಬ್ಬರ ಒಂದೇ. ತಿಪ್ಪೆ ಮಾತ್ರ ಚೆನ್ನಾಗಿ ಬೆಳೆಯುತ್ತಿದೆ.

ಗೋಶಾಲೆಯ ಹಸುಗಳನ್ನು ದತ್ತು ತೆಗೆದುಕೊಳ್ಳಿ ಅಂತ 2022ರಲ್ಲಿ ಸರ್ಕಾರ ಪುಣ್ಯಕೋಟಿ ದತ್ತು ಯೋಜನೆ ತಂದಿತ್ತು. ಒಂದು ಹಸುವಿಗೆ ವರ್ಷಕ್ಕೆ 11,000 ರೂಪಾಯಿ. ಭಾಗಿಸಿ ನೋಡಿದೆ, ದಿನಕ್ಕೆ 30 ರೂಪಾಯಿ. ಬಸವ ಮೂವತ್ತು ರೂಪಾಯಿಯ ಮೇವನ್ನು ನಾನು ಹಲ್ಲುಜ್ಜಿ ಬರುವುದರೊಳಗೆ ಮುಗಿಸುತ್ತಾನೆ. ಕೊಟ್ಟವರನ್ನು ಆಡಿಕೊಳ್ಳುತ್ತಿಲ್ಲ, ಕೊಟ್ಟಿದ್ದು ಒಳ್ಳೆಯದೇ. ಎರಡು ಎಕರೆಯವರು ಇಂಥ ಎಷ್ಟು ಬಸವನನ್ನು ಸಾಕಬಹುದು ಅಂತ ಕೇಳುತ್ತಿದ್ದೇನೆ ಅಷ್ಟೇ. ನಾನು ಒಂದನ್ನು ಸಾಕಿದೆ. ಎರಡನೆಯದು ಆಗುವುದಿಲ್ಲ.

ಈಗ ಕುರಿಯ ಮಾತಿಗೆ ಬರುತ್ತೇನೆ. ಕಾಗದ ಬರೆದವರಿಗೆ ಕೆಟ್ಟದ್ದು ಕಂಡಿದ್ದು ಅಲ್ಲೇ ಅಲ್ವಾ?

ಬನ್ನೂರು ಕುರಿ ನೋಡದವರಿಗೆ ಹೇಳುತ್ತೇನೆ. ಗಿಡ್ಡ ಕಾಲು, ತುಂಬಿದ ಮೈ. ಹಿಂದಿನಿಂದ ನೋಡಿದರೆ ಲಾಳ ತಲೆಕೆಳಗು ಮಾಡಿದ ಹಾಗೆ ಕಾಣಬೇಕು. ಕೆಲವಕ್ಕೆ ಗಂಟಲ ಕೆಳಗೆ ಎರಡು ತೊಗಲಿನ ಮಣಿ ಜೋತಾಡುತ್ತವೆ, ಅದಿದ್ದರೆ ಚಂದ. ಉಣ್ಣೆಗೆ ಇದನ್ನು ಸಾಕುವವರಿಲ್ಲ. ಮಾಂಸಕ್ಕೇ ಸಾಕುವುದು. ಇದರಲ್ಲಿ ಮುಚ್ಚುಮರೆ ಇಲ್ಲ. ಟಗರು ಮರಿ ಹುಟ್ಟಿದ ದಿನವೇ ನನಗೆ ಅದರ ಕೊನೆ ಗೊತ್ತು. ಗೊತ್ತಿದ್ದೇ ಮೂಗು ಒರೆಸುತ್ತೇನೆ.

ಆ ಟಗರನ್ನು ನಾನು ಹೇಗೆ ನೋಡಿಕೊಳ್ಳುತ್ತೇನೆ ಅಂತ ಆ ಕರುವಿನ ಪಕ್ಕ ಇಟ್ಟು ನೋಡಿ. ತಾಯಿ ಹಾಲು ಅದು ಬಿಡುವವರೆಗೂ ಅದಕ್ಕೇ. ನಾನು ಕುರಿಯ ಹಾಲು ಒಂದು ತೊಟ್ಟು ಕರೆಯುವುದಿಲ್ಲ. ಆಮೇಲೆ ಅಗಸೆ ಸೊಪ್ಪು, ಹಲಸಿನ ಎಲೆ, ಕಡಲೆಕಾಯಿ ಹಿಂಡಿ, ಹುರುಳಿ ನುಚ್ಚು. ಹಲಸಿನ ಎಲೆ ಅಂದರೆ ಅವಕ್ಕೆ ಪ್ರಾಣ. ಕೊಂಬೆ ಎಳೆದು ತರುವ ಸದ್ದು ಕೇಳಿದರೆ ಗೂಡಿನ ತುಂಬ ಗಲಾಟೆ. ಪಿಪಿಆರ್ ಅನ್ನುವ ಕುರಿ ರೋಗದ ಲಸಿಕೆ ತಪ್ಪಿಸುವುದಿಲ್ಲ. ಮುಂಗಾರು ಬಿದ್ದಾಗ ಕರುಳುಬೇನೆಗೆ ಲಸಿಕೆ. ಅದನ್ನು ಮರೆತರೆ ಹೊಸ ಚಿಗುರು ತಿಂದು ರಾತ್ರಿ ಚೆನ್ನಾಗಿದ್ದ ಮರಿ ಬೆಳಿಗ್ಗೆ ಕಾಲು ಚಾಚಿರುತ್ತದೆ. ಜ್ವರ ಬಂದರೆ 1962 ನಂಬರಿಗೆ ಫೋನ್ ಮಾಡಿ ಪಶು ಚಿಕಿತ್ಸೆಯ ಗಾಡಿ ಕರೆಸುತ್ತೇನೆ. ಗಂಡಾಯಿತಲ್ಲ ಅಂತ ಕೈ ಹಿಂದೆಗೆಯುವುದಿಲ್ಲ. ಯಾಕೆ? ಅದಕ್ಕೆ ಬೆಲೆ ಇದೆ. ತಿನ್ನುವವರಿದ್ದಾರೆ ಅಂತ ಅದಕ್ಕೆ ತಿನ್ನಲು ಸಿಗುತ್ತದೆ. ಕೇಳಲು ಕಷ್ಟವಾಗುತ್ತದೆ, ನನಗೂ ಬರೆಯಲು ಕಷ್ಟವೇ.

ಮಾರುವ ದಿನ ಸುಲಭ ಅಂತ ತಿಳಿಯಬೇಡಿ. ಈ ಸಲ ಯುಗಾದಿಗೆ ವಾರ ಇರುವಾಗ ಮೂರು ಟಗರನ್ನು ಕಿರುಗಾವಲು ಸಂತೆಗೆ ಹೊಡೆಸಿದೆವು. ಯುಗಾದಿ ಮಾರನೇ ದಿನ ಬಾಡೂಟದ ವರ್ಷತೊಡಕು, ಅದಕ್ಕೆ ಒಳ್ಳೆ ರೇಟು. ನಾನೂ ಹೋಗಿದ್ದೆ. ಹೆಂಗಸರು ಅಲ್ಲಿ ಕಡಿಮೆ. ವ್ಯಾಪಾರಿ ಬಂದ, ಬಾಯಿ ಬಿಡಿಸಿ ಹಲ್ಲು ನೋಡಿದ. ಬೆನ್ನಿನ ಮೇಲೆ ಬೆರಳು ಒತ್ತಿ, ಸೊಂಟದ ಹತ್ತಿರ ಎತ್ತಿ ತೂಗಿದ. ಆಮೇಲೆ ಯಜಮಾನರ ಕೈ ಮೇಲೆ ಟವೆಲ್ ಹಾಕಿದ. ಟವೆಲ್ ಒಳಗೆ ಬೆರಳು ಬೆರಳಿಗೆ ಮಾತು. ಇವರು ತಲೆ ಅಡ್ಡಡ್ಡ ಆಡಿಸುತ್ತಾರೆ, ಅವನು ನಗುತ್ತಾನೆ. ನಾಲ್ಕೈದು ಸಲ ಹೀಗಾಗಿ ವ್ಯಾಪಾರ ಕುದುರಿತು. ದೊಡ್ಡ ಟಗರಿಗೆ 19 ಸಾವಿರ. ನಮ್ಮತ್ತೆ ಹೇಳಿಕೊಟ್ಟ ಹಾಗೆ ಹಗ್ಗ ಬಿಚ್ಚಿಕೊಂಡೆ. ಪ್ರಾಣಿ ಕೊಟ್ಟರೂ ಹಗ್ಗ ಕೊಡಬಾರದು ಅನ್ನುತ್ತಿದ್ದರು. ಅವನು ತನ್ನ ಹಗ್ಗ ಹಾಕುವಾಗ ಟಗರು ನನ್ನ ಸೆರಗು ಬಾಯಲ್ಲಿ ಕಚ್ಚಿ ಎಳೆಯಿತು. ದಿನಾ ಸಂಜೆ ಸೆರಗಿನಲ್ಲಿ ನುಚ್ಚು ಕಟ್ಟಿಕೊಂಡು ಹೋಗುವುದು ಅದಕ್ಕೆ ಅಭ್ಯಾಸ. ಬಿಡಿಸಿಕೊಂಡು ಟೀ ಅಂಗಡಿ ಕಡೆ ಹೋದೆ. ಹಿಂತಿರುಗಿ ನೋಡಲಿಲ್ಲ. ಮನೆಗೆ ಬಂದ ಮೇಲೆ ನೋಡಿದರೆ ಸೆರಗಿನ ಅಂಚು ಒದ್ದೆ ಒಣಗಿ ಗಟ್ಟಿಯಾಗಿತ್ತು.

ನಮ್ಮ ಕೊಟ್ಟಿಗೆಯದನ್ನು ನಾವು ತಿನ್ನುವುದಿಲ್ಲ. ಇದೇನು ಧರ್ಮ ಅಲ್ಲ, ಗಂಟಲಲ್ಲಿ ಇಳಿಯುವುದಿಲ್ಲ ಅಷ್ಟೇ. ಆದರೆ ನಾವು ಬಾಡು ತಿನ್ನುವವರೇ. ಊರಲ್ಲಿ ಮಾಂಸದ ಚೀಟಿ ಕಟ್ಟುತ್ತೇವೆ. ತಿಂಗಳಿಗೆ ಇಷ್ಟು ಅಂತ ವರ್ಷವಿಡೀ ಕಟ್ಟಿ, ವರ್ಷತೊಡಕಿನ ದಿನ ಬೆಳಗಿನ ಜಾವ ಟಗರು ಕೊಯ್ದು ಗುಡ್ಡೆ ಹಾಕುತ್ತಾರೆ. ಟಾರ್ಪಾಲ್ ಮೇಲೆ ಸಾಲಾಗಿ ಗುಡ್ಡೆ. ಒಂದೊಂದು ಗುಡ್ಡೆಗೂ ಲಿವರು ಒಂದು ಚೂರು, ಬೋಟಿ ಒಂದು ಚೂರು, ತಲೆಮಾಂಸ ಒಂದು ಚೂರು, ಎಲುಬು ಇಷ್ಟು, ಮೆತ್ತನೆಯದು ಇಷ್ಟು. ಗುಡ್ಡೆ ಹಾಕುವವರ ಕೈ ನೋಡಲು ನಾನು ಚಿಕ್ಕವಳಿದ್ದಾಗಿಂದ ನಿಲ್ಲುತ್ತೇನೆ. ಒಬ್ಬರಿಗೆ ಜಾಸ್ತಿ ಒಬ್ಬರಿಗೆ ಕಮ್ಮಿ ಆಗುವ ಹಾಗಿಲ್ಲ. ಪಟೇಲರ ಮನೆಗೂ ಅದೇ ಗುಡ್ಡೆ, ನಮಗೂ ಅದೇ. ಚರ್ಮ ಬೇರೆ ಮಾರಿ, ಆ ದುಡ್ಡೂ ಚೀಟಿಗೆ ಜಮೆ. ಒಂದು ಪ್ರಾಣಿಯನ್ನು ತಿನ್ನುವುದಾದರೆ ಇಷ್ಟಾದರೂ ಲೆಕ್ಕ ಇಡಬೇಕು ಅನ್ನಿಸುತ್ತದೆ. ಹಾಲಿಗೆ ನಾವು ಇಂಥ ಲೆಕ್ಕ ಇಡಲೇ ಇಲ್ಲ.

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಅದಕ್ಕೂ ಹೋಗಿದ್ದೆ. ಪುಸ್ತಕಕ್ಕಿಂತ ಬಾಡೂಟದ ಗಲಾಟೆಯೇ ಜೋರಾಗಿತ್ತು. ಬಾಡನ್ನು ಹೆಂಡ, ತಂಬಾಕಿನ ಜೊತೆ ನಿಷೇಧದ ಒಂದೇ ಪಟ್ಟಿಗೆ ಸೇರಿಸಿದ್ದರು ಅಂತ ನಮ್ಮ ಕಡೆಯವರಿಗೆ ಸಿಟ್ಟು. ಕೊನೆಯ ದಿನ ಮೊಟ್ಟೆ ಬಂತು, ಅಲ್ಲಿಗೆ ತಣ್ಣಗಾಯಿತು. ಬೇಕು ಅನ್ನುವವರೂ ಬೇಡ ಅನ್ನುವವರೂ ಅಷ್ಟು ಮಾತಾಡಿದರು. ಹಾಲು ಮೊಸರು ತುಪ್ಪದ ಬಗ್ಗೆ ಎರಡೂ ಕಡೆಯವರು ತುಟಿ ಬಿಚ್ಚಲಿಲ್ಲ. ಅದು ಯಾವ ಪಟ್ಟಿಯಲ್ಲೂ ಇಲ್ಲ. ಎಲ್ಲರಿಗೂ ಅದು ಸುಮ್ನೆ ಶುದ್ಧ.

ಹೋದ ಸಂಕ್ರಾಂತಿಗೆ ನಮ್ಮ ಅಣ್ಣನ ಮಗನ ಜೊತೆ ಅವನ ಆಫೀಸಿನ ನಾಲ್ಕು ಜನ ಬಂದಿದ್ದರು. ಕಿಚ್ಚು ಹಾಯಿಸುವುದನ್ನು ನೋಡಲು. ಹಸುಗಳಿಗೆ ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಬೆಂಕಿ ಹಾರಿಸಿದ್ದನ್ನು ಮೊಬೈಲಲ್ಲಿ ಹಿಡಿದುಕೊಂಡರು. ಆಮೇಲೆ ಒಬ್ಬ ಹುಡುಗಿ ಟಗರುಗಳ ಹತ್ತಿರ ನಿಂತು "ಆಂಟಿ, ಇವನ್ನು ಮಾರೋಕೆ ಹೇಗೆ ಮನಸ್ಸು ಬರುತ್ತೆ?" ಅಂದಳು. ಒಳ್ಳೆ ಹುಡುಗಿ, ಕಣ್ಣಲ್ಲಿ ನೀರಿತ್ತು. ಕೈಯಲ್ಲಿ ಕಾಫಿ ಲೋಟ. ಅವಳ ಬೆನ್ನ ಹಿಂದೆ ಎಂಟು ದಿನದ ಕರು ಕಂಬಕ್ಕೆ ಕಟ್ಟಿ ಹಾಕಿತ್ತು, ಅರಚುತ್ತಿತ್ತು. ಅವಳು ಅದರ ತಲೆ ಸವರಿ "ಎಷ್ಟು ಮುದ್ದು" ಅಂದಳು. ಯಾಕೆ ಅರಚುತ್ತೆ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಮನೆಗೆ ಬಂದ ನೆಂಟರಿಗೆ ಇನ್ನೊಂದು ಲೋಟ ಕಾಫಿ ಕೊಟ್ಟೆ.

ಆದ್ದರಿಂದ ಆ ಕಾಗದ ಬರೆದವರಿಗೆ ನನ್ನ ಉತ್ತರ ಇಷ್ಟು. ಕುರಿ ಬಿಟ್ಟು ಹಸು ಕಟ್ಟಿದರೆ ನನ್ನ ಪಾಪ ಕಡಿಮೆಯಾಗುವುದಿಲ್ಲ. ಕಣ್ಣಿಗೆ ಕಾಣದ ಕಡೆಗೆ ಹೋಗುತ್ತದೆ. ನೀವು ಬಾಡು ಬಿಟ್ಟಿದ್ದೀರಿ, ಒಳ್ಳೆಯದು. ನಿಮ್ಮ ಇಷ್ಟ. ಹಾಲು ಬಿಡಿ ಅಂತ ನಾನು ಹೇಳಲಾರೆ. ಹೇಳಿದರೆ ನನ್ನ ಮನೆ ಒಲೆ ಉರಿಯುವುದಿಲ್ಲ. ಆದರೆ ನಮ್ಮಂಥವರನ್ನು ಕಲ್ಲು ಮನಸ್ಸಿನವರು ಅನ್ನುವ ಮೊದಲು ನಿಮ್ಮ ಲೋಟದ ಹಿಂದೆ ಒಂದು ಗಂಡು ಕರು ಇತ್ತು ಅಂತ ನೆನೆಸಿಕೊಳ್ಳಿ. ಟಗರಿನ ಸಾವಿಗೆ ಒಂದು ದಿನ, ಒಂದು ಜಾಗ, ಒಂದು ಬೆಲೆ ಇದೆ. ಆ ಕರುವಿನ ಸಾವಿಗೆ ಅದು ಯಾವುದೂ ಇರಲಿಲ್ಲ.

ಸರ್ಕಾರಕ್ಕೂ ಒಂದು ಮಾತು, ನೀವು ಜಾಗ ಕೊಟ್ಟರೆ. ಹೆಣ್ಣು ಕರುವೇ ಹುಟ್ಟುವ ಹಾಗೆ ಬೇರ್ಪಡಿಸಿದ ವೀರ್ಯದ ಕಡ್ಡಿ ಬಂದಿದೆ. ನೂರಕ್ಕೆ ತೊಂಬತ್ತು ಹೆಣ್ಣು ಅನ್ನುತ್ತಾರೆ. ನನ್ನ ಮಟ್ಟಿಗೆ ಇದು ಒಳ್ಳೆ ದಾರಿ. ಹುಟ್ಟದ ಕರುವಿಗೆ ಹಸಿವಿಲ್ಲ. ಆದರೆ ನಮ್ಮ ಕಡೆ ಕೇಳಿದ ದಿನ ಅದು ಸಿಗುವುದಿಲ್ಲ, ಸಿಕ್ಕ ದಿನ ಹಸು ಬೆದೆಯಲ್ಲಿರುವುದಿಲ್ಲ. ಬೆದೆ ಇರುವುದೇ ಒಂದು ದಿನ. ಸಂಜೆ ಬೆದೆ ಕಂಡರೆ ಬೆಳಿಗ್ಗೆ ಕಡ್ಡಿ ಸಿಗಬೇಕು. ಮಾಮೂಲಿ ಕಡ್ಡಿ ಹಾಕಿಸಿಬಿಡು ಅಂದರೆ ಮತ್ತೆ ಅದೇ ಕಥೆ. ಇನ್ನು ಕರುವಿಗೆ ಮೂರು ತಿಂಗಳು ಬಿಡುವ ಹಾಲಿಗೆ ಏನಾದರೂ ಕೊಡುವಂತಿದ್ದರೆ, ಗಂಡಿಗೂ ಕೊಡಿ. ಡೈರಿಗೆ ಹಾಕಿದ ಹಾಲಿಗೆ 5 ರೂಪಾಯಿ ಇದೆ, ಕರು ಕುಡಿದ ಹಾಲಿಗೆ ಏನೂ ಇಲ್ಲ. ಹೀಗಿದ್ದರೆ ಕರುವಿನ ಕಣ್ಣಿ ಎಳೆದು ಕಟ್ಟುವ ಕೈ ನನ್ನೊಬ್ಬಳದೇ ಅಲ್ಲ.

ಗೌರಿಗೆ ಈಗ ವಯಸ್ಸಾಯಿತು, ಇದು ಅದರ ಏಳನೇ ಸೂಲು, ಕೊನೆಯದೂ ಇರಬಹುದು. ಎರಡು ಸಲ ಓಡಾಡಿ ಆ ಹೊಸ ಕಡ್ಡಿಯನ್ನೇ ಹಾಕಿಸಿದ್ದೇನೆ. ಮುಂದಿನ ವಾರ ಈಯಬೇಕು. ಕೆಚ್ಚಲು ಇಳಿದಿದೆ. ಆ ನೂರರಲ್ಲಿ ಹತ್ತರ ಕಡೆಗೆ ಬಿದ್ದರೂ ಎರಡು ಲೀಟರ್ ಅದಕ್ಕೇ ಅಂತ ಯಜಮಾನರಿಗೆ ಈಗಲೇ ಹೇಳಿಟ್ಟಿದ್ದೇನೆ. ಅವರು ಇನ್ನೂ ಏನೂ ಅಂದಿಲ್ಲ. ಟಾರ್ಚಿಗೆ ಹೊಸ ಸೆಲ್ ಮಾತ್ರ ತಂದು ಹಾಕಿದ್ದಾರೆ.

ಇತಿ,
ಹಾಲು ಹಾಕುವ ಒಬ್ಬ ಹೆಂಗಸು
ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ